ಹಂದಿಗೋಡು ಕಾಯಿಲೆ ಮತ್ತು ಮಗುವಿನ ಪಾಲನೆ

ಮಲೆನಾಡು ಎಂದೊಡನೆ ನಮ್ಮ ಕಣ್ಣ ಮುಂದೆ ಹಸುರು ಹೊದ್ದ ಬೆಟ್ಟಗಳು, ಅಡಿಕೆಯ ತೋಟಗಳು, ಗದ್ದೆಯ ಬಯಲುಗಳು, ಬಿಡದೆ ಸುರಿಯುವ ಮಳೆ ಇವೆಲ್ಲ ಮೂಡಿ ನಿಲ್ಲುತ್ತವೆ. ಅಲ್ಲಿಯ ಮಕ್ಕಳು ಏರು ಹತ್ತಿ, ಇಳಿಜಾರು ಇಳಿದು, ಕಾಲುಸಂಕ ದಾಟಿ ಶಾಲೆಗೆ ಬರುವುದು ನಿತ್ಯದ ನೋಟ. ಆದರೆ ಇದೇ ಚೆಲುವಿನ ನಾಡಿನಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ, ಹತ್ತು ಹೆಜ್ಜೆ ನಡೆಯುವುದೇ ಸಾಹಸವಾಗಿರುವ ಜನರಿದ್ದಾರೆ. ಅವರಲ್ಲಿ ಹಿರಿಯರೂ ಉಂಟು, ಮಕ್ಕಳೂ ಉಂಟು. ಅವರನ್ನು ಕಾಡುವ ವ್ಯಾಧಿಗೆ ‘ಹಂದಿಗೋಡು ಕಾಯಿಲೆ’ ಎಂದು ಹೆಸರು. ಆ ಕಾಯಿಲೆಯ ಸ್ವರೂಪವೇನು, ಅದು ಏಕೆ ಬರುತ್ತದೆ, ಅದಕ್ಕೆ ತುತ್ತಾದ ಮಗುವನ್ನು ಸಾಕಿ ಬೆಳೆಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಹಂದಿಗೋಡು ಸಾಗರ ತಾಲ್ಲೂಕಿನ ಒಂದು ಹಳ್ಳಿ. 1975ರ ಸುಮಾರಿನಲ್ಲಿ ಅಲ್ಲಿಯ ಕೃಷಿಕಾರ್ಮಿಕರ ಕುಟುಂಬಗಳಲ್ಲಿ ಹಲವರು ಸೊಂಟದ ಕೀಲುಗಳ ನೋವಿನಿಂದ ನರಳುತ್ತಿರುವುದು, ಕೆಲವರು ನೆಟ್ಟಗೆ ನಿಲ್ಲಲಾರದೆ ಬಾಗಿ ನಡೆಯುತ್ತಿರುವುದು ವೈದ್ಯರ ಗಮನಕ್ಕೆ ಬಂದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಈ ಊರುಗಳಿಗೆ ಬಂದು ರೋಗಿಗಳನ್ನು ಪರೀಕ್ಷಿಸಿದರು. 1977ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಮುಂದೆ ಇಂತಹುದೇ ರೋಗಿಗಳು ಹೊಸನಗರ, ತೀರ್ಥಹಳ್ಳಿಗಳ ಕಡೆಯಲ್ಲಿಯೂ ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಂಡುಬಂದರು. ಆದರೆ ಮೊದಲು ಗುರುತಿಸಿದ ಊರಿನ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ಒಂದು ಊರಿನ ಹೆಸರು ರೋಗದ ಹೆಸರಾಗುವುದು ಆ ಊರಿನವರಿಗೆ ಎಷ್ಟು ದೊಡ್ಡ ಹೊರೆಯೆಂಬುದನ್ನು ನಾವು ಊಹಿಸಬಹುದು. ಹೊಸ ಸೋಂಕು ರೋಗಗಳಿಗೆ ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದುದು ಇಂತಹ ಕಾರಣಕ್ಕಾಗಿಯೇ.

ಇದೇ ಜಿಲ್ಲೆಯ ಇನ್ನೊಂದು ಕಾಯಿಲೆಯೂ ಊರಿನ ಹೆಸರನ್ನು ಹೊತ್ತಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ಜ್ವರವನ್ನು ಜನರು ಮಂಗನ ಕಾಯಿಲೆ ಎನ್ನುತ್ತಾರೆ. ಎರಡನ್ನೂ ಒಂದೆಂದು ಭಾವಿಸಬಾರದು. ಮಂಗನ ಕಾಯಿಲೆಯು ವೈರಾಣುವಿನಿಂದ ಬರುವಂಥದು. ಕಾಡಿನ ಉಣ್ಣೆಗಳು ಅದನ್ನು ಹರಡುತ್ತವೆ. ಹಂದಿಗೋಡು ಕಾಯಿಲೆ ಯಾವ ರೋಗಾಣುವಿನಿಂದಲೂ ಬಂದುದಲ್ಲ. ರೋಗಿಯ ಪಕ್ಕದಲ್ಲಿ ಕುಳಿತರೆ, ಅವನ ಕೈಯ ನೀರು ಕುಡಿದರೆ, ಅವನೊಡನೆ ಆಡಿದರೆ ಅದು ಅಂಟುವುದಿಲ್ಲ. ಈ ಮಾತನ್ನು ಮೊದಲಿಗೇ ಮನಸ್ಸಿನಲ್ಲಿ ನೆಲೆಗೊಳಿಸಿಕೊಳ್ಳಬೇಕು.

ಈ ಕಾಯಿಲೆಯಲ್ಲಿ ದೇಹದೊಳಗೆ ಆಗುವುದೇನು? ನಮ್ಮ ತೊಡೆಯ ಮೂಳೆಯ ತುದಿಯು ಗುಂಡಾಗಿದ್ದು, ಸೊಂಟದ ಮೂಳೆಯ ಗುಳಿಯಲ್ಲಿ ಕುಳಿತಿರುತ್ತದೆ. ಒರಳಿನ ಗುಳಿಯಲ್ಲಿ ರುಬ್ಬುವ ಗುಂಡು ತಿರುಗುವಂತೆ ಅದು ಸಲೀಸಾಗಿ ತಿರುಗುವುದರಿಂದಲೇ ನಾವು ನಡೆಯುವುದು, ಓಡುವುದು, ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವುದು ಸಾಧ್ಯವಾಗಿದೆ. ಮೂಳೆಗಳು ಒಂದನ್ನೊಂದು ಉಜ್ಜದಂತೆ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಯು ಉದ್ದವಾಗುವುದೂ ಅದರ ತುದಿಯಲ್ಲಿರುವ ಇಂತಹ ಮೃದುವಾದ ಭಾಗದಿಂದಲೇ. ಹಂದಿಗೋಡು ಕಾಯಿಲೆಯಲ್ಲಿ ಈ ಬೆಳವಣಿಗೆಯೇ ಕೆಡುತ್ತದೆ. ಗುಂಡಾಗಿರಬೇಕಾದ ಮೂಳೆಯ ತುದಿ ಚಪ್ಪಟೆಯಾಗುತ್ತದೆ. ಕೀಲು ಬೇಗನೆ ಸವೆಯುತ್ತದೆ. ಕೆಲವರಲ್ಲಿ ಬೆನ್ನೆಲುಬಿನ ಮಣಿಗಳೂ ಚಪ್ಪಟೆಯಾಗುತ್ತವೆ. ಮುದುಕರಿಗೆ ಬರಬೇಕಾದ ಕೀಲುನೋವು ಎಳೆಯರಿಗೆ ಬರುತ್ತದೆ.

ಎಲ್ಲರಲ್ಲಿಯೂ ಕಾಯಿಲೆ ಒಂದೇ ಬಗೆಯಲ್ಲಿ ಇರುವುದಿಲ್ಲ. ವೈದ್ಯರು ಇದರಲ್ಲಿ ಮೂರು ಬಗೆಗಳನ್ನು ಗುರುತಿಸಿದ್ದಾರೆ. ಮೊದಲನೆಯದರಲ್ಲಿ ರೋಗಿಯ ಎತ್ತರವು ಇತರರಂತೆಯೇ ಇದ್ದು, ಮುಖ್ಯವಾಗಿ ಸೊಂಟದ ಕೀಲುಗಳು ಕೆಡುತ್ತವೆ. ಎರಡನೆಯದರಲ್ಲಿ ರೋಗಿಯು ಕುಳ್ಳಾಗಿ ಉಳಿಯುತ್ತಾನೆ, ಬೆನ್ನೆಲುಬಿನಲ್ಲಿಯೂ ಬದಲಾವಣೆಗಳಾಗುತ್ತವೆ. ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು. ಅದರಲ್ಲಿ ದೇಹವು ಕುಬ್ಜವಾಗುವುದಲ್ಲದೆ ಅನೇಕ ಮೂಳೆಗಳು ವಿರೂಪಗೊಳ್ಳುತ್ತವೆ. ಒಂದೇ ಮನೆತನದಲ್ಲಿ ಕುಂಟುತ್ತಾದರೂ ಗದ್ದೆಯ ಕೆಲಸಕ್ಕೆ ಹೋಗಬಲ್ಲವರೂ ನೆಲದ ಮೇಲೆ ತೆವಳಿಯೇ ಚಲಿಸಬೇಕಾದವರೂ ಇರುವುದುಂಟು.

ಕಾಯಿಲೆಯ ಕಾರಣವನ್ನು ಹುಡುಕಿದ ಬಗೆಯು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಒಳ್ಳೆಯ ಪಾಠವಾಗಿದೆ. ಆ ಕಾಲದಲ್ಲಿ ಭತ್ತದ ಹೊಸ ತಳಿಗಳೊಡನೆ ಕೀಟನಾಶಕಗಳೂ ಮಲೆನಾಡಿನ ಗದ್ದೆಗಳಿಗೆ ಬಂದಿದ್ದವು. ಬಡ ಕೂಲಿಕಾರರು ಗದ್ದೆಯ ಏಡಿ ಮೀನುಗಳನ್ನು ಹಿಡಿದು ಅಡುಗೆ ಮಾಡುತ್ತಿದ್ದರು. ವಿಷ ಸೇರಿದ ಏಡಿಯನ್ನು ತಿಂದುದರಿಂದ ಈ ರೋಗ ಬಂದಿರಬಹುದೆಂದು ಮೊದಲು ಶಂಕಿಸಲಾಯಿತು. ಪೋಷಕಾಂಶಗಳ ಕೊರತೆಯಿರಬಹುದೆಂಬ ವಿಚಾರವೂ ಇತ್ತು. ಈ ಶಂಕೆಗಳು ಅಸಂಗತವೇನಲ್ಲ. ಬಡವರ ಊಟದ ತಟ್ಟೆಯಿಂದ ಬರುವ ರೋಗಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ದೂರದ ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬ ಪ್ರದೇಶದಲ್ಲಿಯೂ ಇಂತಹುದೇ ಸೊಂಟದ ಕಾಯಿಲೆಯೊಂದು 1970ರಲ್ಲಿ ವರದಿಯಾಗಿತ್ತು. ವಿದ್ವಾಂಸರು ಎರಡನ್ನೂ ಹೋಲಿಸಿ ನೋಡಿದರು.

ಆದರೆ ಊಹೆಯು ಎಷ್ಟೇ ಸಹಜವಾಗಿದ್ದರೂ ಪರೀಕ್ಷೆಗೆ ನಿಲ್ಲಬೇಕು. ಒಂದೇ ಬಾವಿಯ ನೀರು ಕುಡಿದು, ಒಂದೇ ಮಡಕೆಯ ಗಂಜಿ ಉಂಡವರಲ್ಲಿ ಕೆಲವರಿಗೆ ಕಾಯಿಲೆ ಬಂದು ಕೆಲವರಿಗೆ ಬಾರದಿರುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಸಂಶೋಧಕರು ಮನೆಮನೆಯ ವಂಶವೃಕ್ಷಗಳನ್ನು ಬರೆದುಕೊಂಡರು. ಅಜ್ಜ ಅಜ್ಜಿ, ತಂದೆ ತಾಯಿ, ದೊಡ್ಡಪ್ಪ, ಸೋದರಮಾವ, ಮಕ್ಕಳು, ಮೊಮ್ಮಕ್ಕಳು, ಇವರಲ್ಲಿ ಯಾರಿಗೆ ರೋಗವಿದೆ, ಯಾರಿಗೆ ಇಲ್ಲ ಎಂಬುದನ್ನು ಗುರುತಿಸಿದರು. ಕ್ಷ-ಕಿರಣದ ಚಿತ್ರಗಳನ್ನು ತೆಗೆದು ಹೋಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿಯೂ ಅಧ್ಯಯನಗಳು ನಡೆದವು. 1994ರಲ್ಲಿ ಪ್ರಕಟವಾದ ಸಂಶೋಧನಾ ಲೇಖನವೊಂದು ಇದನ್ನು ಮೂಳೆಯ ಬೆಳವಣಿಗೆಯ ಒಂದು ಹೊಸ ಬಗೆಯ ಆನುವಂಶಿಕ ದೋಷವೆಂದು ವಿವರಿಸಿತು. ಕಾರಣವು ಗದ್ದೆಯ ಏಡಿಯಲ್ಲಿ ಇರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಸಾಗಿ ಬರುವ ವಂಶವಾಹಿಯಲ್ಲಿ ಇತ್ತು.

ಇದನ್ನು ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ದೇಹದ ಪ್ರತಿಯೊಂದು ಲಕ್ಷಣಕ್ಕೂ ಸಂಬಂಧಿಸಿದ ವಂಶವಾಹಿಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಒಂದು ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ ಬಂದುದು. ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ ಗ್ರೆಗರ್ ಮೆಂಡೆಲನು 1866ರಲ್ಲಿ ಪ್ರಕಟಿಸಿದ ನಿಯಮಗಳ ತಳಹದಿ ಇದೇ. ಕೆಲವು ದೋಷಗಳು ಜೋಡಿಯ ಎರಡೂ ವಂಶವಾಹಿಗಳು ಕೆಟ್ಟಿದ್ದರೆ ಮಾತ್ರ ತಲೆಯೆತ್ತುತ್ತವೆ. ಇನ್ನು ಕೆಲವು ಒಂದೇ ಒಂದು ಕೆಟ್ಟಿದ್ದರೂ ಸಾಕು, ಪ್ರಕಟವಾಗುತ್ತವೆ. ಇವನ್ನು ಪ್ರಬಲ ಲಕ್ಷಣಗಳೆನ್ನುತ್ತಾರೆ. ಹಂದಿಗೋಡು ಕಾಯಿಲೆ ಈ ಎರಡನೆಯ ಗುಂಪಿಗೆ ಸೇರಿದುದು. ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಅರ್ಧಕ್ಕೆ ಅರ್ಧ. ನಾಣ್ಯವನ್ನು ಚಿಮ್ಮಿದಂತೆ ಎನ್ನಬಹುದು. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ಮೊದಲ ಮಗುವಿಗೆ ರೋಗ ಬಂದಿತೆಂದ ಮಾತ್ರಕ್ಕೆ ಎರಡನೆಯ ಮಗು ಪಾರಾಗುತ್ತದೆಂದು ಹೇಳಲಾಗದು, ಬಂದೇ ತೀರುತ್ತದೆಂದೂ ಹೇಳಲಾಗದು. ಗಂಡು ಮಗುವಿಗೂ ಹೆಣ್ಣು ಮಗುವಿಗೂ ಇದು ಸಮಾನ. ಆ ವಂಶವಾಹಿಯನ್ನು ಪಡೆಯದ ಮಗುವಾದರೋ ಅದನ್ನು ತನ್ನ ಮಕ್ಕಳಿಗೆ ದಾಟಿಸುವುದೂ ಇಲ್ಲ.

ಈ ಕಾಯಿಲೆ ಹೆಚ್ಚಾಗಿ ಕಂಡುಬಂದುದು ಚಲುವಾದಿ ಮತ್ತು ಚನ್ನಂಗಿ ಎಂಬ ಎರಡು ಸಮುದಾಯಗಳಲ್ಲಿ. ಇದರಿಂದ ಆ ಸಮುದಾಯಗಳ ನಡೆನುಡಿಯಲ್ಲಿ ಏನೋ ದೋಷವಿದೆಯೆಂದು ತಿಳಿಯುವುದು ಅಜ್ಞಾನ. ಎಂದೋ ಒಬ್ಬರಲ್ಲಿ ಉಂಟಾದ ಬದಲಾವಣೆಯೊಂದು ಅವರ ಸಂತತಿಯಲ್ಲಿ ಹರಿದು ಬಂದಿರಬಹುದು. ನಮ್ಮ ಸಮಾಜದಲ್ಲಿ ವಿವಾಹಗಳು ಜಾತಿಯ ಬೇಲಿಯೊಳಗೇ ನಡೆಯುವುದರಿಂದ ಆ ವಂಶವಾಹಿಯೂ ಆ ಬೇಲಿಯೊಳಗೇ ಉಳಿಯಿತು. ಬೇಲಿಯನ್ನು ಕಟ್ಟಿದ್ದು ಇಡೀ ಸಮಾಜ. ಅದರ ಫಲವನ್ನು ಉಂಡವರು ಕೆಲವರು ಮಾತ್ರ. ಭೂಮಿಯಿಲ್ಲದೆ ದಿನಗೂಲಿಯನ್ನೇ ನೆಚ್ಚಿ ಬದುಕುವವರಿಗೆ ಸೊಂಟದ ಬಲವೇ ಬಂಡವಾಳ. ಬಗ್ಗಿ ನಾಟಿ ಮಾಡಬೇಕು, ಹೊರೆ ಹೊರಬೇಕು. ಆ ಬಲವೇ ಕುಸಿದರೆ ಅನ್ನದ ದಾರಿಯೂ ಮುಚ್ಚಿಹೋಗುತ್ತದೆ. ಆದುದರಿಂದ ಇದು ಮೂಳೆಯ ಕಾಯಿಲೆಯಷ್ಟೇ ಅಲ್ಲ. ಬಡತನವನ್ನು ಇನ್ನಷ್ಟು ಆಳಕ್ಕೆ ದೂಡುವ ಕಾಯಿಲೆಯೂ ಹೌದು.

ಇನ್ನು ಇಂತಹ ಮನೆಯಲ್ಲಿ ಬೆಳೆಯುವ ಮಗುವಿನ ವಿಷಯಕ್ಕೆ ಬರೋಣ. ಈ ಕಾಯಿಲೆಯನ್ನು ಬುಡಸಹಿತ ಕೀಳುವ ಔಷಧ ಇದುವರೆಗೆ ದೊರೆತಿಲ್ಲ. ಆದರೆ ಗುಣಪಡಿಸಲಾಗದ ರೋಗ ಬೇರೆ, ಆರೈಕೆಗೆ ನಿಲುಕದ ರೋಗ ಬೇರೆ. ಔಷಧವಿಲ್ಲವೆಂದು ಕೈಚೆಲ್ಲಿದರೆ ಮಗುವಿಗೆ ನೋವಿನ ಜೊತೆಗೆ ನಿರ್ಲಕ್ಷ್ಯವೂ ಸೇರುತ್ತದೆ. ಸರಿಯಾದ ಪಾಲನೆಯಿಂದ ನೋವನ್ನು ತಗ್ಗಿಸಬಹುದು, ಕೀಲಿನ ಸವೆತವನ್ನು ನಿಧಾನಗೊಳಿಸಬಹುದು, ಮಗುವು ಓದಿ ಬರೆದು ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ಮಾಡಬಹುದು. ಕಾಲಿನಿಂದ ನಿಲ್ಲಲಾಗದವನೂ ಬದುಕಿನಲ್ಲಿ ನಿಲ್ಲಬಲ್ಲನು.

ಮೊದಲನೆಯದು, ಕಾಯಿಲೆಯನ್ನು ಬೇಗ ಗುರುತಿಸುವುದು. ಮಗು ತಡವಾಗಿ ನಡೆಯಬಹುದು. ಬಾತುಕೋಳಿಯಂತೆ ಎರಡೂ ಕಡೆಗೆ ವಾಲುತ್ತ ನಡೆಯಬಹುದು. ಆಡುವಾಗ ಬೇಗ ದಣಿದು ತೊಡೆ ಮೊಣಕಾಲುಗಳು ನೋಯುತ್ತವೆ ಎನ್ನಬಹುದು. ಕುಕ್ಕರಗಾಲಿನಲ್ಲಿ ಕೂರಲು ಒಲ್ಲೆನೆನ್ನಬಹುದು. ಇದನ್ನು ಸೋಮಾರಿತನವೆಂದು ಗದರಿಸಬಾರದು. ಅಂಗನವಾಡಿಯಲ್ಲಿ ಮಕ್ಕಳ ತೂಕ, ಎತ್ತರಗಳನ್ನು ಅಳೆಯುವುದು ಇಂತಹ ಬೆಳವಣಿಗೆಯ ಲೋಪಗಳನ್ನು ಹಿಡಿಯುವುದಕ್ಕೂ ನೆರವಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಬಂದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಕ್ಷ-ಕಿರಣದ ಚಿತ್ರಗಳನ್ನೂ ಔಷಧದ ಚೀಟಿಗಳನ್ನೂ ದಿನಾಂಕದೊಡನೆ ಒಂದು ಚೀಲದಲ್ಲಿ ಮಳೆಗೆ ನೆನೆಯದಂತೆ ಜೋಪಾನ ಮಾಡಿಡಬೇಕು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರು. ಒಂದು ದಿನದ ಕೂಲಿ ಬಿಟ್ಟು ಅಷ್ಟು ದೂರ ಹೋದವರು ಹಳೆಯ ಚಿತ್ರವಿಲ್ಲದೆ ಹಿಂದಿರುಗುವಂತಾಗಬಾರದು.

ಎರಡನೆಯದು, ಚಲನೆ. ನೋಯುತ್ತದೆಂದು ಮಗುವನ್ನು ಮೂಲೆಯಲ್ಲಿ ಮಲಗಿಸಿಬಿಡುವುದು ಪ್ರೀತಿಯಿಂದ ಮಾಡುವ ತಪ್ಪು. ಬಳಸದ ಕೀಲು ಬಿಗಿದುಕೊಳ್ಳುತ್ತದೆ, ಬಳಸದ ಸ್ನಾಯು ಸೊರಗುತ್ತದೆ. ಅತಿಯಾಗಿ ಓಡಿಸುವುದು, ಎತ್ತರದಿಂದ ಜಿಗಿಯಲು ಬಿಡುವುದು, ಭಾರ ಹೊರಿಸುವುದು ಇವೂ ಕೀಲಿಗೆ ಕೇಡು. ಎರಡರ ನಡುವಿನ ಹದವನ್ನು ಕಂಡುಕೊಳ್ಳಬೇಕು. ಮಲಗಿದಲ್ಲಿಯೇ ಕಾಲನ್ನು ನಿಧಾನವಾಗಿ ಮಡಿಸಿ ಚಾಚುವ ವ್ಯಾಯಾಮಗಳನ್ನು ಅಂಗಸಾಧನೆಯ ಚಿಕಿತ್ಸಕರು ಒಮ್ಮೆ ತೋರಿಸಿಕೊಟ್ಟರೆ ತಾಯಿ ಅಥವಾ ಅಕ್ಕ ದಿನವೂ ಮಾಡಿಸಬಹುದು. ಬಿಸಿನೀರಿನ ಶಾಖವು ಬಿಗಿತವನ್ನು ಸಡಿಲಿಸುತ್ತದೆ. ನೋವಿನ ಮಾತ್ರೆಗಳನ್ನು ಮಾತ್ರ ವೈದ್ಯರು ಹೇಳಿದ ಅಳತೆಯಲ್ಲಿಯೇ ಕೊಡಬೇಕು. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿಸಿದರೆ ಹೊಟ್ಟೆ ಮತ್ತು ಮೂತ್ರಪಿಂಡಗಳು ಕೆಡುವ ಅಪಾಯವಿದೆ. ಕೀಲು ತೀರ ಸವೆದುಹೋದವರಿಗೆ, ಬೆಳೆದು ದೊಡ್ಡವರಾದ ಮೇಲೆ, ಕೃತಕ ಕೀಲನ್ನು ಜೋಡಿಸುವ ಶಸ್ತ್ರಚಿಕಿತ್ಸೆಯ ವಿಚಾರವನ್ನು ತಜ್ಞರು ಪರಿಶೀಲಿಸುತ್ತಾರೆ.

ಮೂರನೆಯದು, ಮನೆಯ ಅನುಕೂಲ. ಇದಕ್ಕೆ ಹಣಕ್ಕಿಂತ ಗಮನವೇ ಹೆಚ್ಚು ಬೇಕು. ನೆಲದ ಮೇಲೆ ಕೂರಿಸುವ ಬದಲು ಮಗುವಿನ ಎತ್ತರಕ್ಕೆ ಹೊಂದುವ ಮಣೆಯೋ ಸ್ಟೂಲೋ ಇದ್ದರೆ ಎದ್ದು ಕೂರುವುದು ಸುಲಭ. ಶೌಚಕ್ಕೆ ಕುಕ್ಕರುಗಾಲಿನಲ್ಲಿ ಕೂರಲಾಗದ ಮಗುವಿಗೆ ನಡುವೆ ರಂಧ್ರವಿರುವ ಕುರ್ಚಿಯೊಂದನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲನು. ಮಳೆಗಾಲದಲ್ಲಿ ಅಂಗಳದ ಕಲ್ಲು, ಬಚ್ಚಲಿನ ನೆಲ ಪಾಚಿಗಟ್ಟಿ ಜಾರುತ್ತವೆ. ಅವನ್ನು ಉಜ್ಜಿ ಶುಚಿಯಾಗಿಡಬೇಕು, ಹಿಡಿದುಕೊಳ್ಳಲು ಬಿದಿರಿನ ಗಳುವೊಂದನ್ನು ಕಟ್ಟಬೇಕು. ಊರುಗೋಲು ಮಗುವಿನ ಅಳತೆಯದಾಗಿರಬೇಕು. ಮಗು ಬೆಳೆದಂತೆ ಅದನ್ನೂ ಬದಲಿಸಬೇಕು. ತುದಿಗೆ ರಬ್ಬರಿನ ಬಿರಡೆಯಿರಬೇಕು. ಹಾಲು, ರಾಗಿ, ಬೇಳೆ, ಸೊಪ್ಪುಗಳು ಕಾಯಿಲೆಯನ್ನು ಹೋಗಲಾಡಿಸಲಾರವು. ಆದರೂ ಬೆಳೆಯುವ ಮೈಗೆ ಅವು ಅಗತ್ಯ. ಅಂತೆಯೇ ತೂಕವು ಮಿತಿಮೀರದಂತೆಯೂ ನೋಡಿಕೊಳ್ಳಬೇಕು. ದೇಹದ ಪ್ರತಿಯೊಂದು ಹೆಚ್ಚಿನ ಸೇರೂ ಸೊಂಟದ ಕೀಲಿನ ಮೇಲೆಯೇ ಬೀಳುತ್ತದೆ.

ಇಲ್ಲಿ ಒಂದು ವಿಶೇಷ ಸಂಗತಿಯನ್ನು ಗಮನಿಸಬೇಕು. ಬೇರೆ ಕಾಯಿಲೆಗಳಲ್ಲಿ ಮಗುವಿಗೆ ರೋಗವಿದ್ದರೆ ತಾಯಿತಂದೆಯರು ಆರೋಗ್ಯವಂತರಾಗಿದ್ದು ಶುಶ್ರೂಷೆ ಮಾಡುತ್ತಾರೆ. ಹಂದಿಗೋಡು ಕಾಯಿಲೆಯ ಮನೆಯಲ್ಲಿ ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರು ಸ್ವತಃ ರೋಗಿಗಳು. ಬಾಗಿದ ಸೊಂಟದ ತಾಯಿಯೇ ನಡೆಯಲಾರದ ಮಗುವನ್ನು ಎತ್ತಿ ಬಚ್ಚಲಿಗೆ ಒಯ್ಯಬೇಕು. ಆ ಮಗುವಿನ ನೋವು ಏನೆಂಬುದನ್ನು ಆಕೆಗೆ ಯಾರೂ ವಿವರಿಸಬೇಕಾಗಿಲ್ಲ; ಆಕೆಯ ಮೈಗೇ ಅದು ಗೊತ್ತು. ಅದರೊಡನೆ, ನನ್ನಿಂದಲೇ ಮಗುವಿಗೆ ಇದು ಬಂದಿತಲ್ಲ ಎಂಬ ಕೊರಗೂ ಆಕೆಯನ್ನು ಸುಡುತ್ತಿರಬಹುದು. ವಂಶವಾಹಿಯನ್ನು ಯಾರೂ ಆರಿಸಿ ಕೊಡುವುದಿಲ್ಲ. ಅದರಲ್ಲಿ ಪಾಪವೂ ಇಲ್ಲ, ಶಾಪವೂ ಇಲ್ಲ. ಈ ಮಾತನ್ನು ವಿಜ್ಞಾನವು ಖಚಿತವಾಗಿ ಹೇಳುತ್ತದೆ. ಆ ತಾಯಿಗೆ ಅದನ್ನು ಮುಟ್ಟಿಸುವುದು ವಿದ್ಯಾವಂತರ ಕರ್ತವ್ಯ. ಮಕ್ಕಳನ್ನು ಪಡೆಯುವ ವಿಚಾರದಲ್ಲಿ ವೈದ್ಯರು ಸಂಭವಗಳನ್ನು ತಿಳಿಸಿ ಹೇಳಬಹುದು; ತೀರ್ಮಾನ ಆ ದಂಪತಿಗಳದೇ. ಅವರಿಗೆ ಆಜ್ಞೆ ಮಾಡುವ ಅಧಿಕಾರ ನೆರೆಹೊರೆಯವರಿಗಿಲ್ಲ. ಆ ಮನೆಯ ಮಗಳಿಗೆ ವರ ಸಿಗದಂತೆ, ಮಗನಿಗೆ ಕೆಲಸ ಸಿಗದಂತೆ ಮಾಡುವ ಹಕ್ಕೂ ಇಲ್ಲ.

ಕುಟುಂಬವೊಂದೇ ಈ ಭಾರವನ್ನು ಹೊರಲಾರದು. ಆದುದರಿಂದಲೇ ಕಾನೂನು ಅವರ ನೆರವಿಗೆ ಬಂದಿದೆ. 1995ರ ಅಂಗವಿಕಲರ ಅಧಿನಿಯಮದ ಸ್ಥಾನದಲ್ಲಿ 2016ರಲ್ಲಿ ವಿಕಲಚೇತನರ ಹಕ್ಕುಗಳ ಅಧಿನಿಯಮವು ಬಂದಿತು. ಹಿಂದಿನ ಕಾನೂನು 7 ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದರೆ ಹೊಸ ಕಾನೂನು 21 ಬಗೆಗಳನ್ನು ಹೆಸರಿಸಿದೆ; ಕುಬ್ಜತೆಯೂ ಅದರಲ್ಲಿ ಸೇರಿದೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದೆಯೆಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಸಾಮಾನ್ಯ ಶಾಲೆಗಾಗಲಿ, ತಾನು ಬಯಸಿದ ವಿಶೇಷ ಶಾಲೆಗಾಗಲಿ ಅದು ಸೇರಬಹುದು. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆಯಿರುವವರಿಗೆ ಮನೆಯಲ್ಲಿಯೇ ಪಾಠ ಹೇಳುವ ಏರ್ಪಾಡು ಸಮಗ್ರ ಶಿಕ್ಷಣ ಯೋಜನೆಯಲ್ಲಿದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪ್ರಮಾಣಪತ್ರ, ಮಾಸಾಶನ ಮೊದಲಾದವುಗಳಿಗೆ ಅರ್ಜಿ ಸಲ್ಲಿಸಲು ನೆರವಾಗುತ್ತಾರೆ. ಕಾನೂನು ಇದೆಯೆಂಬುದು ತಿಳಿಯದಿದ್ದರೆ ಅದು ಇದ್ದೂ ಇಲ್ಲದಂತೆ. ಓದಬಲ್ಲ ನಾವು ಅದನ್ನು ಓದಲಾರದ ಮನೆಗಳಿಗೆ ತಿಳಿಸಬೇಕು.

ಈ ಕಾಯಿಲೆ ಮೂಳೆಯನ್ನು ಕೆಡಿಸುತ್ತದೆಯೇ ಹೊರತು ಬುದ್ಧಿಯನ್ನಲ್ಲ. ಹೊರೆ ಹೊರಲಾರದ, ಗದ್ದೆಗೆ ಇಳಿಯಲಾರದ ಮಗುವಿಗೆ ವಿದ್ಯೆಯೇ ಜೀವನಾಧಾರ. ಇತರರಿಗೆ ಶಾಲೆಯು ಹಲವು ದಾರಿಗಳಲ್ಲಿ ಒಂದಾದರೆ ಈ ಮಗುವಿಗೆ ಅದು ಬಹುಮಟ್ಟಿಗೆ ಏಕೈಕ ದಾರಿ. ಆ ದಾರಿಯ ಕೊನೆಯ ನಾಲ್ಕು ಮೆಟ್ಟಿಲುಗಳು ಶಾಲೆಯ ಬಾಗಿಲಲ್ಲಿಯೇ ಇರುತ್ತವೆ. ಅಲ್ಲಿ ಒಂದು ಇಳಿಜಾರಿನ ಹಾದಿ, ಕೆಳಗಿನ ಅಂತಸ್ತಿನಲ್ಲಿ ತರಗತಿ, ಒಂದು ಬೆಂಚು, ಕುಳಿತು ಬಳಸಬಹುದಾದ ಶೌಚಾಲಯ, ಇವಿಷ್ಟಿದ್ದರೆ ಓದು ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಂತುಹೋಗುತ್ತದೆ.

ನಿಮ್ಮ ತರಗತಿಯಲ್ಲಿ ಇಂತಹ ಗೆಳೆಯನೋ ಗೆಳತಿಯೋ ಇದ್ದರೆ ನೀವು ಮಾಡಬೇಕಾದುದು ದೊಡ್ಡ ತ್ಯಾಗವೇನಲ್ಲ. ದಾರಿಯಲ್ಲಿ ನಿಮ್ಮ ಹೆಜ್ಜೆಯನ್ನು ಕೊಂಚ ನಿಧಾನಗೊಳಿಸಿರಿ. ಕೇಳಿದರೆ ಪುಸ್ತಕದ ಚೀಲವನ್ನು ಹಿಡಿದುಕೊಳ್ಳಿರಿ. ಓಡಲಾರದವರಿಗೂ ಪಾತ್ರವಿರುವ ಆಟವೊಂದನ್ನು ಹುಡುಕಿರಿ. ಅಂಗದ ಊನವನ್ನು ಹಿಡಿದು ಕರೆಯದೆ ತಾಯಿತಂದೆಯರು ಇಟ್ಟ ಹೆಸರಿನಿಂದ ಕರೆಯಿರಿ. ಕನಿಕರವು ಮನುಷ್ಯನನ್ನು ಕೆಳಗೆ ಕೂರಿಸಿ ನೋಡುತ್ತದೆ. ಸ್ನೇಹವು ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ. ಹಂದಿಗೋಡು ಕಾಯಿಲೆಗೆ ಔಷಧವನ್ನು ವಿಜ್ಞಾನಿಗಳು ಎಂದಾದರೂ ಕಂಡುಹಿಡಿಯಬಹುದು. ಅವರಲ್ಲಿ ಒಬ್ಬರು ಮಲೆನಾಡಿನ ಶಾಲೆಯಲ್ಲಿಯೇ ಓದಿದವರಾಗಿರಬಹುದು. ಅಲ್ಲಿಯವರೆಗೆ ಆ ಮಕ್ಕಳ ಪಾಲನೆಯಲ್ಲಿ ಮನೆಗೆ ಊರು, ಊರಿಗೆ ನಾಡು ಹೆಗಲಾಗಿ ನಿಲ್ಲಬೇಕು.

ಅಭ್ಯಾಸ

1. ಮಂಗನ ಕಾಯಿಲೆಗೂ ಹಂದಿಗೋಡು ಕಾಯಿಲೆಗೂ ಇರುವ ವ್ಯತ್ಯಾಸಗಳನ್ನು ತಿಳಿಸಿರಿ.
2. ಈ ಕಾಯಿಲೆಯ ಕಾರಣವನ್ನು ಕುರಿತ ಮೊದಲ ಶಂಕೆ ಯಾವುದು? ವಂಶವೃಕ್ಷಗಳ ಅಧ್ಯಯನವು ಏನನ್ನು ತೋರಿಸಿಕೊಟ್ಟಿತು?
3. ‘ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
4. ಇಂತಹ ಮಗುವಿಗಾಗಿ ಮನೆಯಲ್ಲಿ ಮಾಡಬಹುದಾದ ಅನುಕೂಲಗಳಾವುವು?
5. ನಿಮ್ಮ ಶಾಲೆಯನ್ನು ಸುತ್ತಿ ನೋಡಿ, ನಡೆಯಲಾರದ ವಿದ್ಯಾರ್ಥಿಯೊಬ್ಬನಿಗೆ ಅಲ್ಲಿ ಎದುರಾಗುವ ಅಡಚಣೆಗಳನ್ನೂ ಅವುಗಳ ಪರಿಹಾರಗಳನ್ನೂ ಪಟ್ಟಿಮಾಡಿರಿ.